ಮೈಗ್ರೇನ್‌ಗೆ ಇಂಜೆಕ್ಷನ್: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ಸಂಕಟದ ಸುತ್ತ ಇವೆ. ತಿಂಗಳಲ್ಲಿ ಅರ್ಧಕ್ಕಿಂತ ಹೆಚ್ಚು ದಿನ ತಲೆನೋವು, ಮಾತ್ರೆ ನುಂಗಿ ನುಂಗಿ ಹೊಟ್ಟೆ ಕೆಟ್ಟಿದೆ, ಈಗ ನರರೋಗ ತಜ್ಞರು ಇಂಜೆಕ್ಷನ್ ಹೇಳಿದ್ದಾರೆ, ತೆಗೆದುಕೊಳ್ಳುವುದೋ ಬೇಡವೋ? ನಿಮ್ಹಾನ್ಸ್ ವೈದ್ಯರೂ ಸೇರಿ ಕರ್ನಾಟಕದಲ್ಲಿ ನಡೆಸಿ 2015ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ 18ರಿಂದ 65 ವರ್ಷದವರಲ್ಲಿ ಶೇ 25.2ರಷ್ಟು ಮಂದಿಗೆ ವರ್ಷದೊಳಗೆ ಮೈಗ್ರೇನ್ ಬಂದಿತ್ತು. ತಿಂಗಳಿಗೆ 15 ದಿನ ಅಥವಾ ಅದಕ್ಕೂ ಹೆಚ್ಚು ತಲೆನೋವು ಇದ್ದವರು ಶೇ 3ರಷ್ಟು. ಆ ಶೇ 3ರ ಗುಂಪಿನವರಿಗಾಗಿ ಈ ಉತ್ತರಗಳು.

ಇಂಜೆಕ್ಷನ್ ಯಾವುದೇ ಇರಲಿ, ಕೆಲಸ ಮಾಡಿತೋ ಇಲ್ಲವೋ ಎಂಬುದನ್ನು ನೆನಪಿನಿಂದ ಹೇಳಲಾಗದು. ಬರೆದಿಟ್ಟ ಲೆಕ್ಕವೇ ಬೇಕು. ಕೆಳಗೆ ಮತ್ತೆ ಮತ್ತೆ ಡೈರಿ ಎಂದು ಒತ್ತಿ ಹೇಳುವುದು ಅದಕ್ಕೇ.

ಪ್ರಶ್ನೆ: ತಿಂಗಳಿಗೆ ಸುಮಾರು 20 ದಿನ ತಲೆನೋವು. ಪ್ರೊಪ್ರನಲಾಲ್, ಅಮಿಟ್ರಿಪ್ಟಿಲಿನ್, ಟೋಪಿರಾಮೇಟ್ ಮೂರೂ ಆಯಿತು. ಈಗ ಬೊಟಾಕ್ಸ್ ಅನ್ನುತ್ತಿದ್ದಾರೆ. ಅದು ಮುಖದ ಸುಕ್ಕಿಗೆ ಕೊಡುವ ಮದ್ದಲ್ಲವೇ? ತಲೆಗೆ ಎಷ್ಟು ಸೂಜಿ ಚುಚ್ಚುತ್ತಾರೆ? ನೋವಾಗುತ್ತದೆಯೇ? — ಶಿಕ್ಷಕಿ, ಹಾವೇರಿ

ಉತ್ತರ: ಮದ್ದು ಅದೇ, ಕೊಡುವ ಕ್ರಮ ಮತ್ತು ಪ್ರಮಾಣ ಬೇರೆ. ದೀರ್ಘಕಾಲದ ಮೈಗ್ರೇನ್‌ಗೆ ಇದನ್ನು ಬ್ರಿಟನ್ ಮತ್ತು ಅಮೆರಿಕ 2010ರಲ್ಲಿ ಒಪ್ಪಿದವು. ದೀರ್ಘಕಾಲದ ಮೈಗ್ರೇನ್ ಎಂದರೆ ಮೂರು ತಿಂಗಳಿಗೂ ಮೀರಿ ಪ್ರತಿ ತಿಂಗಳು 15 ದಿನ ಅಥವಾ ಹೆಚ್ಚು ತಲೆನೋವು, ಅದರಲ್ಲಿ ಕನಿಷ್ಠ 8 ದಿನ ಮೈಗ್ರೇನ್‌ನ ಲಕ್ಷಣ ಇರಬೇಕು: ಒಂದು ಬದಿ ಸಿಡಿತ, ವಾಕರಿಕೆ, ಬೆಳಕು–ಸದ್ದು ತಡೆಯಲಾಗದಿರುವುದು. ತಿಂಗಳಿಗೆ ಆರೇಳು ದಿನ ಮಾತ್ರ ನೋವು ಬರುವವರಿಗೆ ಬೊಟಾಕ್ಸ್‌ನಿಂದ ಲಾಭ ಸಾಬೀತಾಗಿಲ್ಲ. ನಿಮ್ಮ 20 ದಿನ ಈ ಅಳತೆಯೊಳಗೆ ಬರುತ್ತದೆ.

ಒಟ್ಟು 155 ಯೂನಿಟ್ ಮದ್ದನ್ನು 31 ಕಡೆ ಕೊಡುತ್ತಾರೆ, ಒಂದೊಂದು ಕಡೆ 5 ಯೂನಿಟ್. ಹುಬ್ಬುಗಳ ಒಳತುದಿಯ ಮೇಲೆ 2, ಸರಿಯಾಗಿ ಬೊಟ್ಟು ಇಡುವ ಜಾಗದಲ್ಲಿ 1, ಹಣೆಯ ಮೇಲ್ಭಾಗದಲ್ಲಿ 4, ಎರಡೂ ಕಣತಲೆ ಸೇರಿ 8, ಹಿಂದಲೆಗೆ 6, ಕತ್ತಿನ ಹಿಂಭಾಗದ ಮೇಲ್ತುದಿಗೆ 4, ಕತ್ತಿನಿಂದ ಭುಜಕ್ಕೆ ಇಳಿಯುವ ಮಾಂಸಖಂಡಕ್ಕೆ 6. ನೋವು ಒಂದೇ ಬದಿಗೆ ಜೋರಾಗಿದ್ದರೆ ಕಣತಲೆ, ಹಿಂದಲೆ, ಭುಜದಲ್ಲಿ ಇನ್ನೂ 40 ಯೂನಿಟ್‌ವರೆಗೆ ಸೇರಿಸಿ 195ಕ್ಕೆ ಒಯ್ಯುವುದುಂಟು. ಒಣಪುಡಿಯಾಗಿ ಬರುವ ಮದ್ದನ್ನು ಸಲೈನ್‌ನಲ್ಲಿ ಕರಗಿಸುತ್ತಾರೆ. 200 ಯೂನಿಟ್ ಬಾಟಲಿಗೆ 4 ಮಿಲಿ ಸಲೈನ್. ಹಾಗಾಗಿ ಒಂದು ಚುಚ್ಚಿಗೆ ಹೋಗುವುದು 0.1 ಮಿಲಿ ಮಾತ್ರ. ಸೂಜಿ 30 ಗೇಜಿನದು, ಅರ್ಧ ಇಂಚು ಉದ್ದ, ರಕ್ತಪರೀಕ್ಷೆಯ ಸೂಜಿಗಿಂತ ಬಹಳ ಸಪೂರ. ಒಟ್ಟು ಕೆಲಸ ಕಾಲು ಗಂಟೆಯೊಳಗೆ ಮುಗಿಯುತ್ತದೆ, ಅರಿವಳಿಕೆ ಬೇಕಿಲ್ಲ. ಹುಬ್ಬಿನ ನಡುವೆ ಮತ್ತು ಹಣೆಯಲ್ಲಿ ಚುರ್ರೆನ್ನುವ ಉರಿ ಹೆಚ್ಚು ಎಂದು ಬಹಳ ಮಂದಿ ಹೇಳುತ್ತಾರೆ. ಭುಜದ ಹೊತ್ತಿಗೆ ಅಷ್ಟು ಗೊತ್ತಾಗುವುದಿಲ್ಲ.

ಆ ದಿನ ತಲೆಸ್ನಾನ ಮಾಡಿ, ಎಣ್ಣೆ ಹಚ್ಚದೆ ಹೋಗಿ. ಕೂದಲ ನಡುವೆ ಚುಚ್ಚಬೇಕಾದ ಜಾಗ ಎಣ್ಣೆಯಿಂದ ಜಾರಿದರೆ ಒರೆಸುವುದೇ ಕೆಲಸವಾಗುತ್ತದೆ. ಕತ್ತು–ಭುಜ ಸುಲಭವಾಗಿ ತೆರೆಯುವ ರವಿಕೆ ಅಥವಾ ಕುರ್ತಾ ಇರಲಿ. ಆಸ್ಪಿರಿನ್, ಕ್ಲೋಪಿಡೊಗ್ರೆಲ್, ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಔಷಧ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ, ಆದರೆ ನೀವೇ ನಿಲ್ಲಿಸಬೇಡಿ. ಚುಚ್ಚಿದ ಕಡೆ ಸ್ವಲ್ಪ ಹೆಚ್ಚು ಹೊತ್ತು ಒತ್ತಿ ಹಿಡಿದರೆ ಸಾಮಾನ್ಯವಾಗಿ ಸಾಕಾಗುತ್ತದೆ. ಜೆಂಟಾಮೈಸಿನ್ ಅಥವಾ ಅಮಿಕಾಸಿನ್ ಇಂಜೆಕ್ಷನ್ ನಡೆಯುತ್ತಿದ್ದರೆ ಬೊಟಾಕ್ಸ್ ಮುಂದೂಡಿ. ಅವು ಸ್ನಾಯುಗಳ ಬಲಹೀನತೆಯನ್ನು ಹೆಚ್ಚಿಸುತ್ತವೆ. ಮಯಸ್ತೇನಿಯಾ ಗ್ರೇವಿಸ್ (ಸ್ನಾಯುಗಳು ಬೇಗ ಸೋಲುವ ಕಾಯಿಲೆ) ಇರುವವರಿಗೆ ಸಾಮಾನ್ಯವಾಗಿ ಇದನ್ನು ಕೊಡುವುದಿಲ್ಲ.

ಹಣೆಯ ಮೇಲೆ ಏಳುವ ಸಣ್ಣ ಗುಳ್ಳೆಗಳು ಸ್ವಲ್ಪ ಹೊತ್ತಿನಲ್ಲೇ ಇಳಿಯುತ್ತವೆ. ಒಂದು ದಿನ ಚುಚ್ಚಿದ ಜಾಗ ತಿಕ್ಕಬೇಡಿ, ತಲೆಗೆ ಮಾಲೀಶು ಬೇಡ. ಅಂದು ಸಂಜೆ ತಲೆನೋವು ಬಂದರೆ ಗಾಬರಿ ಬೇಡ, ಅದು ಚುಚ್ಚಿದ್ದರ ನೋವು, ಪ್ಯಾರಾಸಿಟಮಾಲ್ ಸಾಕು.

ಪ್ರಶ್ನೆ: ಬೊಟಾಕ್ಸ್ ಆಗಿ ಎರಡು ವಾರವಾಯಿತು. ಎಡಗಣ್ಣು ಅರ್ಧ ಮುಚ್ಚಿದಂತಿದೆ, ಕತ್ತು ಎತ್ತಿ ಹಿಡಿಯುವುದೇ ಕಷ್ಟ. ಏನಾದರೂ ತಪ್ಪಾಗಿದೆಯೇ? ಹೀಗೇ ಉಳಿದುಬಿಡುತ್ತದೆಯೇ? — ಬ್ಯಾಂಕ್ ಉದ್ಯೋಗಿ, ಮಂಗಳೂರು

ಉತ್ತರ: ಉಳಿಯುವುದಿಲ್ಲ. ಮದ್ದಿನ ಪ್ರಭಾವ ಇಳಿದಂತೆ ಇದೂ ಇಳಿಯುತ್ತದೆ. ಕಣ್ಣಿನದು ಸಾಮಾನ್ಯವಾಗಿ ಕೆಲವು ವಾರಗಳಲ್ಲೇ ಸರಿಹೋಗುತ್ತದೆ. ಅಮೆರಿಕದಲ್ಲಿ ಅನುಮತಿಗೆ ಆಧಾರವಾದ ಅಧ್ಯಯನಗಳಲ್ಲಿ ಶೇ 9ರಷ್ಟು ಮಂದಿಗೆ ಕತ್ತು ನೋವು, ಶೇ 4ರಷ್ಟು ಮಂದಿಗೆ ರೆಪ್ಪೆ ಇಳಿತ ಕಂಡಿತ್ತು. ಹಾಗೆಂದು ಸುಮ್ಮನಿರಬೇಕಾಗಿಲ್ಲ. ಕಾರಣ ತಿಳಿದರೆ ಮುಂದಿನ ಸಲ ತಪ್ಪಿಸಬಹುದು.

ಮೊದಲು ಕನ್ನಡಿಯ ಮುಂದೆ ನಿಂತು ಎಡಹುಬ್ಬನ್ನು ಬೆರಳಿನಿಂದ ಮೇಲಕ್ಕೆ ಎತ್ತಿ. ಕಣ್ಣು ಪೂರ್ತಿ ತೆರೆದರೆ ಇಳಿದಿರುವುದು ಹುಬ್ಬು. ಹಣೆಯ ಚುಚ್ಚುಗಳು ತೀರ ಕೆಳಗೆ ಬಿದ್ದಾಗ, ಇಲ್ಲವೇ ಮೊದಲಿನಿಂದಲೂ ಹಣೆ ಸುಕ್ಕುಗಟ್ಟಿಸಿಯೇ ಕಣ್ಣು ಅಗಲಿಸುವ ಅಭ್ಯಾಸ ಇದ್ದವರಲ್ಲಿ ಹೀಗಾಗುತ್ತದೆ. ಹುಬ್ಬು ಎತ್ತಿದರೂ ರೆಪ್ಪೆ ಕಣ್ಣಪಾಪೆಯ ಮೇಲೇ ಕೂತಿದ್ದರೆ ಅದು ನಿಜವಾದ ರೆಪ್ಪೆ ಇಳಿತ. ಹುಬ್ಬಿನ ಒಳತುದಿಯ ಮದ್ದು ಕೆಳಗೆ ಹರಿದು ರೆಪ್ಪೆ ಎತ್ತುವ ಸ್ನಾಯುವನ್ನು ತಲುಪಿದೆ. ಇದಕ್ಕೆ ಅಪ್ರಾಕ್ಲೋನಿಡಿನ್ ಕಣ್ಣಿನ ಹನಿ ತಾತ್ಕಾಲಿಕವಾಗಿ ರೆಪ್ಪೆಯನ್ನು ಸ್ವಲ್ಪ ಎತ್ತುತ್ತದೆ. ಕಣ್ಣಿನ ವೈದ್ಯರನ್ನು ಕೇಳಿ, ಔಷಧ ಅಂಗಡಿಯಲ್ಲಿ ನೇರವಾಗಿ ಕೊಳ್ಳಬೇಡಿ. ಇನ್ನು ಕೆಲವರಿಗೆ ಹುಬ್ಬಿನ ಹೊರತುದಿ ಮಾತ್ರ ಮೇಲಕ್ಕೆ ಚೂಪಾಗಿ ಏಳುತ್ತದೆ. ಹಣೆಯ ಹೊರಬದಿಯಲ್ಲಿ ಒಂದೆರಡು ಯೂನಿಟ್ ಸೇರಿಸಿದರೆ ಅದು ನೇರವಾಗುತ್ತದೆ.

ಕತ್ತಿನ ಬಲಹೀನತೆ ಹೆಚ್ಚಾಗಿ ಸಪೂರ ಕತ್ತಿನ ಹೆಂಗಸರಲ್ಲಿ ಕಾಣುತ್ತದೆ. ಕತ್ತಿನ ಚುಚ್ಚು ಕೂದಲಂಚಿನ ಹತ್ತಿರ, ಮೇಲೆಯೇ, ಆಳಕ್ಕಿಳಿಯದಂತೆ ಬೀಳಬೇಕು. ಕೆಳಗೆ ಅಥವಾ ಆಳವಾಗಿ ಬಿದ್ದರೆ ತಲೆ ಎತ್ತಿ ಹಿಡಿಯುವ ಸ್ನಾಯುಗಳೇ ಸಡಿಲಾಗುತ್ತವೆ. ಮೆತ್ತಗಿನ ಕತ್ತುಪಟ್ಟಿ ಕೆಲಸದ ಹೊತ್ತಿನಲ್ಲಿ ಕೆಲವು ದಿನ ಹಾಕಬಹುದು, ಇಡೀ ದಿನ ಬೇಡ. ಕಂಪ್ಯೂಟರ್ ಪರದೆಯನ್ನು ಕಣ್ಣಿನ ಮಟ್ಟಕ್ಕೆ ಏರಿಸಿ.

ಕನ್ನಡಿ ಪರೀಕ್ಷೆಯ ಫಲ, ಯಾವ ಬದಿ, ಯಾವ ದಿನ ಶುರುವಾಯಿತು, ಯಾವ ದಿನ ಸರಿಹೋಯಿತು ಇಷ್ಟನ್ನು ಬರೆದು, ಒಂದು ಫೋಟೊ ತೆಗೆದಿಟ್ಟು ಮುಂದಿನ ಭೇಟಿಯಲ್ಲಿ ತೋರಿಸಿ. ಬರೀ “ಕಣ್ಣು ಭಾರವಾಗಿತ್ತು” ಎಂದರೆ ವೈದ್ಯರಿಗೆ ಚುಚ್ಚುವ ಜಾಗ ಬದಲಿಸಲು ಆಧಾರ ಸಿಗದು.

ನುಂಗಲು ಕಷ್ಟ, ಮಾತು ತೊದಲುವುದು, ಒಂದು ವಸ್ತು ಎರಡಾಗಿ ಕಾಣುವುದು, ಉಸಿರು ಸಿಕ್ಕಿಕೊಳ್ಳುವುದು: ಇವುಗಳಲ್ಲಿ ಯಾವುದಾದರೂ ಬಂದರೆ ಮಾತ್ರ ಕಾಯದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಪ್ರಶ್ನೆ: ಒಂದು ಸಲ ಬೊಟಾಕ್ಸ್ ಹಾಕಿಸಿ ತಿಂಗಳಾಯಿತು. ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಅಷ್ಟೊಂದು ದುಡ್ಡು ಸುರಿದು ಎರಡನೇ ಸಲ ಹಾಕಿಸಬೇಕೇ? — ತುಮಕೂರು

ಉತ್ತರ: ನಮ್ಮ ಅಭಿಪ್ರಾಯ ಸ್ಪಷ್ಟ: ಅಡ್ಡಪರಿಣಾಮ ತೀವ್ರವಾಗಿಲ್ಲದಿದ್ದರೆ ಒಂದೇ ಸುತ್ತಿಗೆ ಬಿಡಬೇಡಿ. ಶುರು ಮಾಡುವ ಮೊದಲೇ ಎರಡು ಸುತ್ತಿನ ಖರ್ಚನ್ನು ಲೆಕ್ಕ ಹಾಕಿಕೊಂಡು ಇಳಿಯುವುದು ಒಳ್ಳೆಯದು. ಒಂದಕ್ಕೆ ಮಾತ್ರ ಹಣವಿದ್ದರೆ, ಎರಡಕ್ಕಾಗುವವರೆಗೆ ಕಾಯುವುದು ಲೇಸು.

ಕಾರಣ ಅಂಕಿಗಳಲ್ಲಿದೆ. ಈ ಚಿಕಿತ್ಸೆಯ ಮುಖ್ಯ ಅಧ್ಯಯನಗಳಾದ ಪ್ರೀಂಪ್ಟ್‌ನಲ್ಲಿ ಮೊದಲ ಸುತ್ತಿನಲ್ಲೇ ತಲೆನೋವಿನ ದಿನ ಅರ್ಧಕ್ಕಿಳಿದವರು ಸುಮಾರು ಶೇ 49. ಮೊದಲ ಸುತ್ತಿನಲ್ಲಿ ಇಳಿಯದೆ ಎರಡನೆಯದರಲ್ಲಿ ಇಳಿದವರು ಇನ್ನೂ ಶೇ 11, ಮೂರನೆಯದರಲ್ಲಿ ಶೇ 10ರಷ್ಟು. ಅದೇ ಅಧ್ಯಯನಗಳ ಇನ್ನೊಂದು ಅಂಕಿಯನ್ನೂ ಮುಚ್ಚಿಡಬಾರದು. 24 ವಾರಗಳ ಕೊನೆಗೆ ಬೊಟಾಕ್ಸ್ ಪಡೆದವರಲ್ಲಿ ತಿಂಗಳಿಗೆ ಸರಾಸರಿ 8.4 ದಿನ ಕಡಿಮೆಯಾದರೆ, ಬರೀ ಸಲೈನ್ ಚುಚ್ಚಿಸಿಕೊಂಡವರಲ್ಲೂ 6.6 ದಿನ ಕಡಿಮೆಯಾಗಿತ್ತು. ಮದ್ದಿನದೇ ಆದ ಲಾಭ ಸರಾಸರಿಯಲ್ಲಿ ಸಣ್ಣದು. ಕೆಲವರಿಗೆ ತುಂಬ ಆಗುತ್ತದೆ, ಕೆಲವರಿಗೆ ಏನೂ ಆಗುವುದಿಲ್ಲ. ನೀವು ಯಾವ ಗುಂಪು ಎಂದು ಮೊದಲೇ ಹೇಳುವ ಪರೀಕ್ಷೆ ಇಲ್ಲ, ಡೈರಿಯೇ ಹೇಳಬೇಕು.

ಒಂದು ನೋಟ್‌ಬುಕ್‌ನಲ್ಲಿ ದಿನಕ್ಕೊಂದು ಸಾಲು, ನಾಲ್ಕೇ ಕಲಂ ಸಾಕು: ತಲೆನೋವು ಇತ್ತೇ, ಎಷ್ಟು ಜೋರು (0ರಿಂದ 3, 3 ಎಂದರೆ ಮಲಗಲೇಬೇಕಾದದ್ದು), ಎಷ್ಟು ಗಂಟೆ, ಏನು ಮಾತ್ರೆ ಅಥವಾ ಸೂಜಿ. ಹೆಂಗಸರು ಮುಟ್ಟಿನ ದಿನಕ್ಕೊಂದು ಗುರುತು ಹಾಕಿ. ಇಂಜೆಕ್ಷನ್‌ಗೆ ಮುಂಚಿನ ಕನಿಷ್ಠ ಒಂದು ತಿಂಗಳಿನಿಂದಲೇ ಬರೆಯಬೇಕು, ಇಲ್ಲದಿದ್ದರೆ ಹೋಲಿಸಲು ಏನೂ ಇರದು. ತಲೆನೋವು ಇಲ್ಲದ ದಿನವೂ “ಇಲ್ಲ” ಎಂದು ಬರೆಯಿರಿ. ಖಾಲಿ ಬಿಟ್ಟ ಸಾಲು ನೋವಿಲ್ಲದ ದಿನವೋ ಬರೆಯಲು ಮರೆತ ದಿನವೋ ಆಮೇಲೆ ತಿಳಿಯುವುದಿಲ್ಲ.

ಬ್ರಿಟನ್‌ನ ಸರ್ಕಾರಿ ಆರೋಗ್ಯ ಸೇವೆಗೆ ಮಾರ್ಗಸೂಚಿ ಕೊಡುವ ನೈಸ್ ಸಂಸ್ಥೆ 2012ರಲ್ಲಿ ಇಟ್ಟ ಗೆರೆ ನಮಗೂ ಸರಿಹೊಂದುತ್ತದೆ: ಎರಡು ಸುತ್ತಿನ ನಂತರ ತಿಂಗಳ ತಲೆನೋವಿನ ದಿನ ಶೇ 30ರಷ್ಟಾದರೂ ಇಳಿಯದಿದ್ದರೆ ನಿಲ್ಲಿಸಿ. ನಿಮ್ಮ ಲೆಕ್ಕ 20 ದಿನದಿಂದ 14ಕ್ಕೆ ಬಂದರೆ ಗೆರೆ ಮುಟ್ಟಿದಿರಿ. ದಿನ ಅಷ್ಟೇ ಇದ್ದರೂ 3ರ ನೋವು 1ಕ್ಕೆ ಇಳಿದು, ಮಾತ್ರೆ ಅರ್ಧವಾಗಿದ್ದರೆ ಅದೂ ಲಾಭವೇ. ಅದನ್ನು ವೈದ್ಯರಿಗೆ ತೋರಿಸಿ ಮಾತಾಡಿ.

ಸುತ್ತಿನಿಂದ ಸುತ್ತಿಗೆ 12 ವಾರ ಅಂತರ. ಪ್ರಭಾವ ಒಂದೆರಡು ವಾರಕ್ಕೆ ಶುರುವಾಗುತ್ತದೆ, 10ನೇ ವಾರದ ಹೊತ್ತಿಗೆ ಸವೆಯುವುದು ಬಹಳ ಮಂದಿಯ ಅನುಭವ. ಆ ಕೊನೆಯ ವಾರಗಳಲ್ಲಿ ನೋವು ಮರಳಿತೆಂದು “ಮದ್ದು ನಾಟಲಿಲ್ಲ” ಎಂದುಕೊಳ್ಳಬೇಡಿ. ಬೇಗ ಹಾಕಿಸಿಕೊಳ್ಳಲು ಒತ್ತಾಯವನ್ನೂ ಮಾಡಬೇಡಿ: ಅಂತರ ತೀರ ಕಡಿಮೆಯಾದರೆ ದೇಹ ಮದ್ದಿನ ವಿರುದ್ಧ ಪ್ರತಿಕಾಯ, ಅಂದರೆ ಅದನ್ನು ಹಿಡಿದು ತಡೆಯುವ ಪ್ರೋಟೀನ್, ಬೆಳೆಸಿಕೊಳ್ಳುವ ಅಪಾಯ ಏರುತ್ತದೆ.

ಪ್ರಶ್ನೆ: ನಮ್ಮೂರಿನ ಚರ್ಮದ ಕ್ಲಿನಿಕ್ ಒಂದರಲ್ಲಿ ಹಣೆಗೆ ಮಾತ್ರ 50 ಯೂನಿಟ್ ಹಾಕಿ ಅರ್ಧ ಬೆಲೆಗೆ ಮುಗಿಸುತ್ತೇವೆ ಅನ್ನುತ್ತಾರೆ. ಬ್ರ್ಯಾಂಡ್ ಬೇರೆಯಾದರೂ ಒಂದೇ ಎನ್ನುತ್ತಾರೆ. ನಿಜವೇ? — ಹುಬ್ಬಳ್ಳಿ

ಉತ್ತರ: ಅಲ್ಲ. ಅಧ್ಯಯನಗಳಲ್ಲಿ ಕೆಲಸ ಮಾಡಿದ್ದು 155 ಯೂನಿಟ್, ಏಳು ಸ್ನಾಯು ಭಾಗಗಳಿಗೆ. ಹಣೆಗೆ ಮಾತ್ರ ಹಾಕಿದರೆ ಸುಕ್ಕು ಹೋಗಬಹುದು. ಹಿಂದಲೆ, ಕಣತಲೆ, ಕತ್ತಿನ ನರತುದಿಗಳು ಹಾಗೇ ಉಳಿಯುತ್ತವೆ. ಮೈಗ್ರೇನ್‌ನಲ್ಲಿ ಮದ್ದಿನ ಕೆಲಸ ಸ್ನಾಯು ಸಡಿಲಿಸುವುದಷ್ಟೇ ಅಲ್ಲ, ನೋವಿನ ನರತುದಿಗಳಿಂದ ಸಿಜಿಆರ್‌ಪಿ ಎಂಬ ರಾಸಾಯನಿಕ ಹೊರಬರುವುದನ್ನು ತಡೆಯುವುದು. ಆ ತುದಿಗಳಿರುವ ಕಡೆ ಮದ್ದು ಹೋಗಲೇಬೇಕು.

ಯೂನಿಟ್ ಎನ್ನುವುದು ಗ್ರಾಂ–ಮಿಲಿಯಂಥ ಸಾರ್ವತ್ರಿಕ ಅಳತೆಯಲ್ಲ. ಬೊಟಾಕ್ಸ್‌ನ 1 ಯೂನಿಟ್ ಡಿಸ್ಪೋರ್ಟ್ ಎಂಬ ಇನ್ನೊಂದು ಬ್ರ್ಯಾಂಡ್‌ನ 1 ಯೂನಿಟ್‌ಗೆ ಸಮವಲ್ಲ, ಒಂದರ ಲೆಕ್ಕ ಇನ್ನೊಂದಕ್ಕೆ ಹಾಕುವಂತಿಲ್ಲ. ದೀರ್ಘಕಾಲದ ಮೈಗ್ರೇನ್‌ಗೆ ದೊಡ್ಡ ಅಧ್ಯಯನ ಆಗಿರುವುದು ಒನಬೊಟುಲಿನಮ್‌ಟಾಕ್ಸಿನ್‌-ಎ ಎಂಬ ಬಗೆಗೆ, ಅಂದರೆ ಬೊಟಾಕ್ಸ್‌ಗೆ. ಮುಚ್ಚಿದ ಬಾಟಲಿಯನ್ನು ನಿಮ್ಮ ಎದುರೇ ತೆರೆಯಲು ಕೇಳಿ, ಬ್ಯಾಚ್ ಸಂಖ್ಯೆ ಮತ್ತು ಕೊನೆಯ ದಿನಾಂಕ ಬರೆದುಕೊಳ್ಳಿ, ಬಿಲ್‌ನಲ್ಲಿ ಬ್ರ್ಯಾಂಡ್ ಹಾಗೂ ಯೂನಿಟ್ ನಮೂದಿಸಲು ಹೇಳಿ. ಕರಗಿಸಿದ ಮದ್ದನ್ನು 2ರಿಂದ 8 ಡಿಗ್ರಿಯಲ್ಲಿಟ್ಟು 24 ಗಂಟೆಯೊಳಗೆ ಬಳಸಬೇಕು. ಬಾಟಲಿ ಒಬ್ಬ ರೋಗಿಗೆ ಮಾತ್ರ. ಉಳಿದದ್ದನ್ನು ಇನ್ನೊಬ್ಬರಿಗೆ ಹಂಚಿ ಬೆಲೆ ಇಳಿಸುವ ಏರ್ಪಾಟಿಗೆ ಒಪ್ಪಬೇಡಿ. 200ರಲ್ಲಿ 155 ಹೋಗಿ 45 ಉಳಿಯುವುದು ನಿಜಕ್ಕೂ ಹೊಟ್ಟೆ ಉರಿಸುವ ವಿಷಯ, ಆದರೆ ಸೋಂಕಿನ ಅಪಾಯ ಅದಕ್ಕಿಂತ ದೊಡ್ಡದು.

ಪ್ರಶ್ನೆ: ಅಮೆರಿಕದಲ್ಲಿರುವ ನನಗೆ ಗಾಲ್ಕನೆಜುಮ್ಯಾಬ್ ಪೆನ್ ಬರೆದುಕೊಟ್ಟಿದ್ದಾರೆ. ಏಪ್ರಿಲ್‌ನಲ್ಲಿ ಬೆಂಗಳೂರಿಗೆ ಬಂದು ಆರು ವಾರ ಇರುತ್ತೇನೆ. ಹೇಗೆ ತರಬೇಕು? ನಾನೇ ಚುಚ್ಚಿಕೊಳ್ಳುವಾಗ ಏನು ನೋಡಬೇಕು? — ನ್ಯೂಜೆರ್ಸಿ

ಉತ್ತರ: ಇದು ಬೊಟಾಕ್ಸ್‌ನಿಂದ ಪೂರ್ತಿ ಬೇರೆಯಾದ ಗುಂಪು. ಸಿಜಿಆರ್‌ಪಿಯನ್ನೇ ಅಥವಾ ಅದು ಕೂರುವ ಗ್ರಾಹಕವನ್ನು (ಜೀವಕೋಶದ ಮೇಲೆ ಅದು ಅಂಟುವ ಜಾಗವನ್ನು) ತಡೆಯುವ ಪ್ರತಿಕಾಯ ಔಷಧಗಳು. ಎರೆನುಮ್ಯಾಬ್, ಫ್ರೆಮನೆಜುಮ್ಯಾಬ್, ಗಾಲ್ಕನೆಜುಮ್ಯಾಬ್ ಮೂರಕ್ಕೂ ಅಮೆರಿಕದಲ್ಲಿ 2018ರಲ್ಲಿ, ರಕ್ತನಾಳಕ್ಕೆ ಹನಿಸುವ ಎಪ್ಟಿನೆಜುಮ್ಯಾಬ್‌ಗೆ 2020ರಲ್ಲಿ ಅನುಮತಿ ಸಿಕ್ಕಿತು. ನಿಮ್ಮದಕ್ಕೆ ಮೊದಲ ಸಲ 240 ಮಿಲಿಗ್ರಾಂ, ಅಂದರೆ 120ರ ಎರಡು ಪೆನ್ (ಮದ್ದು ತುಂಬಿಯೇ ಬರುವ, ಪೆನ್ನಿನಾಕಾರದ ಸೂಜಿ), ನಂತರ ತಿಂಗಳಿಗೊಂದು.

ವಿಮಾನದಲ್ಲಿ ಕೈಚೀಲದಲ್ಲೇ ತನ್ನಿ. ಸಾಮಾನಿನ ಗೂಡಿನಲ್ಲಿ ಹೆಪ್ಪುಗಟ್ಟಬಹುದು, ಹೆಪ್ಪುಗಟ್ಟಿದ ಪೆನ್ ಕರಗಿದರೂ ಬಳಸಬಾರದು. ಐಸ್ ಪ್ಯಾಕ್ ಪೆನ್ನಿಗೆ ನೇರ ತಾಗದಂತೆ ನಡುವೆ ಬಟ್ಟೆ ಇರಲಿ. ಮೂಲ ಡಬ್ಬಿ ಮತ್ತು ವೈದ್ಯರ ಚೀಟಿ ಜೊತೆಗಿರಲಿ. ಡಬ್ಬಿಯಲ್ಲಿಟ್ಟು 30 ಡಿಗ್ರಿ ಮೀರದಂತೆ ಗರಿಷ್ಠ 7 ದಿನ ಹೊರಗಿಡಬಹುದು. ಹಾಗೆ ಇಟ್ಟ ಪೆನ್ನನ್ನು ಮತ್ತೆ ಫ್ರಿಜ್‌ಗೆ ಸೇರಿಸದೆ ಆ 7 ದಿನದೊಳಗೆ ಬಳಸಬೇಕು. ಏಪ್ರಿಲ್‌ನಲ್ಲಿ ಬೆಂಗಳೂರಿನ ಮಧ್ಯಾಹ್ನ 30 ಡಿಗ್ರಿ ದಾಟುತ್ತದೆ, ಆದ್ದರಿಂದ ದಾರಿಯುದ್ದಕ್ಕೂ ತಂಪಿನಲ್ಲೇ ತಂದು ಇಳಿದ ತಕ್ಷಣ ಫ್ರಿಜ್ ಸೇರಿಸಿ. ಫ್ರಿಜ್‌ನಲ್ಲಿ ಬಾಗಿಲ ಬದಿಗೂ ಇಡಬೇಡಿ, ಫ್ರೀಜರ್‌ಗೆ ತಾಗಿಯೂ ಇಡಬೇಡಿ; ನಡುವಿನ ತಟ್ಟೆ ಸರಿ. ಕರೆಂಟ್ ಹೋದಾಗ ಬಾಗಿಲು ತೆರೆಯದಂತೆ ಮನೆಯವರಿಗೆಲ್ಲ ಹೇಳಿಡಿ.

ಚುಚ್ಚುವ ಅರ್ಧ ಗಂಟೆ ಮೊದಲು ಹೊರತೆಗೆಯಿರಿ. ತಣ್ಣಗಿನ ಮದ್ದು ಹೆಚ್ಚು ಉರಿಯುತ್ತದೆ. ಬಿಸಿನೀರಿನಲ್ಲಿ, ಬಿಸಿಲಿನಲ್ಲಿ ಕಾಯಿಸಬೇಡಿ, ಅಲುಗಾಡಿಸಬೇಡಿ. ದ್ರವ ತಿಳಿಯಾಗಿರಬೇಕು, ತುಸು ಹಳದಿ ಇದ್ದರೆ ಅಡ್ಡಿಯಿಲ್ಲ. ಹೊಟ್ಟೆ (ಹೊಕ್ಕುಳಿನಿಂದ ಎರಡು ಇಂಚು ಬಿಟ್ಟು) ಅಥವಾ ತೊಡೆ ನಿಮಗೆ ಸುಲಭ. ಸ್ಪಿರಿಟ್‌ನಿಂದ ಒರೆಸಿ ಒಣಗಲು ಬಿಡಿ. ಪೆನ್ ಲಾಕ್ ಆಗಿರುವಾಗಲೇ ತಳದ ಬೂದು ಮುಚ್ಚಳ ತಿರುಗಿಸಿ ತೆಗೆಯಿರಿ, ಪಾರದರ್ಶಕ ತಳವನ್ನು ಚರ್ಮಕ್ಕೆ ಸಮತಟ್ಟಾಗಿ ಒತ್ತಿ, ಲಾಕ್ ಬಿಡಿಸಿ, ಗುಂಡಿ ಒತ್ತಿ ಹಿಡಿಯಿರಿ. ಮೊದಲ ಟಿಕ್ ಬಂದಾಗ ಮದ್ದು ಶುರು. ಎರಡನೇ ಟಿಕ್‌ವರೆಗೆ, ಸುಮಾರು 10 ಸೆಕೆಂಡು, ಅಲುಗಬಾರದು. ಬೂದು ಬಣ್ಣದ ಪಿಸ್ಟನ್ ಕಂಡರೆ ಪೂರ್ತಿ ಹೋಗಿದೆ. ಹೆಚ್ಚಿನವರು ತಪ್ಪುವುದು ಮೊದಲ ಟಿಕ್‌ಗೇ ಪೆನ್ ಎತ್ತುವುದರಲ್ಲಿ. ಮದ್ದು ಚರ್ಮದ ಮೇಲೆ ಹರಿದುಹೋಗುತ್ತದೆ. ಹಾಗಾದರೆ ನೀವೇ ಇನ್ನೊಂದು ಚುಚ್ಚಿಕೊಳ್ಳದೆ ವೈದ್ಯರನ್ನು ಕೇಳಿ. ಒಂದು ಡೋಸ್ ತಪ್ಪಿದರೆ ನೆನಪಾದ ದಿನ ಹಾಕಿಕೊಂಡು, ಅಂದಿನಿಂದ ತಿಂಗಳು ಎಣಿಸಿ.

ಚುಚ್ಚಿದ ಜಾಗ ಕೆಂಪಾಗಿ ತುರಿಸುವುದು ಸಾಮಾನ್ಯ. ಮೈಯೆಲ್ಲ ದದ್ದು, ಮುಖ ಊತ, ಉಸಿರಿನ ತೊಂದರೆ ಅಲರ್ಜಿಯ ಗುರುತು. ಗಾಲ್ಕನೆಜುಮ್ಯಾಬ್‌ನಲ್ಲಿ ಇದು ದಿನಗಳು ಕಳೆದ ಮೇಲೂ ಬರಬಹುದು.

ಪ್ರಶ್ನೆ: ಎರೆನುಮ್ಯಾಬ್ ಶುರುವಾದ ಮೇಲೆ ತಲೆನೋವು ಕಡಿಮೆಯಾಗಿದೆ, ಮಲಬದ್ಧತೆ ಮಾತ್ರ ವಿಪರೀತ. — ಶಿವಮೊಗ್ಗ

ಉತ್ತರ: ಎರೆನುಮ್ಯಾಬ್‌ನ ಗೊತ್ತಿರುವ ತೊಂದರೆ ಇದು, ಮೊದಲ ಡೋಸ್‌ನ ನಂತರವೇ ಬರಬಹುದು. ನೀರು, ನಾರಿನ ಅಂಶದ ಜೊತೆ ವೈದ್ಯರ ಸಲಹೆಯಲ್ಲಿ ಲ್ಯಾಕ್ಟುಲೋಸ್ ಅಥವಾ ಪಾಲಿಇಥಿಲಿನ್ ಗ್ಲೈಕಾಲ್ ನಿತ್ಯ ತೆಗೆದುಕೊಳ್ಳಿ. ಕಟ್ಟಿಕೊಂಡ ಮೇಲೆ ಒದ್ದಾಡುವುದಕ್ಕಿಂತ ಮೊದಲೇ ಶುರು ಮಾಡುವುದು ಮೇಲು. ಅಮಿಟ್ರಿಪ್ಟಿಲಿನ್ ಕೂಡ ನಡೆಯುತ್ತಿದ್ದರೆ ಅದೂ ಮಲ ಕಟ್ಟುತ್ತದೆ, ಡೋಸ್ ಇಳಿಸಬಹುದೇ ಕೇಳಿ. ಹೊಟ್ಟೆ ಉಬ್ಬಿ ವಾಂತಿಯಾದರೆ ತಕ್ಷಣ ತೋರಿಸಬೇಕು. ರಕ್ತದೊತ್ತಡವನ್ನೂ ಪ್ರತಿ ತಿಂಗಳು ನೋಡಿಸಿ, ಈ ಔಷಧದಿಂದ ಅದು ಏರಿದ ಉದಾಹರಣೆಗಳಿವೆ. ಸಹಿಸಲಾಗದಿದ್ದರೆ ಇದೇ ಗುಂಪಿನ ಇನ್ನೊಂದಕ್ಕೆ ಬದಲಾಯಿಸುವ ದಾರಿ ಇದೆ.

ಪ್ರಶ್ನೆ: ಅಮ್ಮನಿಗೆ ತಲೆನೋವು ಜೋರಾದಾಗಲೆಲ್ಲ ಪಕ್ಕದ ಕ್ಲಿನಿಕ್‌ನಲ್ಲಿ ಸೊಂಟಕ್ಕೆ ಡೈಕ್ಲೋಫೆನಾಕ್ ಸೂಜಿ ಹಾಕಿಸುತ್ತೇವೆ. ಈಗ ವಾರಕ್ಕೆ ಮೂರು ಸಲ ಆಗುತ್ತಿದೆ, ಮನೆಯಲ್ಲಿ ಮಾತ್ರೆಯೂ ನುಂಗುತ್ತಾರೆ. ತೊಂದರೆ ಇದೆಯೇ? — ಕಲಬುರಗಿ

ಉತ್ತರ: ಇದೆ, ಮತ್ತು ಈ ಪುಟದ ಎಲ್ಲ ಪ್ರಶ್ನೆಗಳಲ್ಲಿ ನಮಗೆ ಹೆಚ್ಚು ಕಳವಳ ತಂದದ್ದು ಇದೇ. ಬೊಟಾಕ್ಸ್, ಪ್ರತಿಕಾಯ ಇವು ನೋವು ಬರದಂತೆ ತಡೆಯುವವು. ಡೈಕ್ಲೋಫೆನಾಕ್ ಬಂದ ನೋವನ್ನು ಆ ಹೊತ್ತಿಗೆ ಇಳಿಸುವುದು. ಎರಡನೆಯ ಬಗೆಯದು ಅತಿಯಾದರೆ ಅದೇ ತಲೆನೋವನ್ನು ನಿತ್ಯದ್ದಾಗಿ ಮಾಡುತ್ತದೆ. ಪ್ಯಾರಾಸಿಟಮಾಲ್, ಡೈಕ್ಲೋಫೆನಾಕ್, ನ್ಯಾಪ್ರಾಕ್ಸೆನ್‌ನಂಥವು ತಿಂಗಳಿಗೆ 15 ದಿನ, ಟ್ರಿಪ್ಟಾನ್, ಎರ್ಗೋಟಮಿನ್, ಟ್ರಮಡಾಲ್, ಕೆಫೀನ್ ಸೇರಿದ ಮಿಶ್ರ ಮಾತ್ರೆಗಳು 10 ದಿನ, ಹೀಗೆ ಮೂರು ತಿಂಗಳು ಮೀರಿದರೆ ಅತಿಬಳಕೆ ಎಂದೇ ಲೆಕ್ಕ. ಎಣಿಸಬೇಕಾದದ್ದು ದಿನವನ್ನು, ಮಾತ್ರೆಯನ್ನಲ್ಲ. ಸೂಜಿಯ ದಿನವೂ ಒಂದು ದಿನವೇ. ಅಮ್ಮನ ಸೂಜಿ ತಿಂಗಳಿಗೆ 12–13 ದಿನ, ಮಾತ್ರೆಯ ದಿನಗಳು ಸೇರಿದರೆ ಗೆರೆ ದಾಟಿರುವುದು ಹೆಚ್ಚೂಕಡಿಮೆ ಖಚಿತ.

ಹೊಟ್ಟೆಹುಣ್ಣು, ಮೂತ್ರಪಿಂಡಕ್ಕೆ ಪೆಟ್ಟು, ರಕ್ತದೊತ್ತಡ ಏರುವುದು ಡೈಕ್ಲೋಫೆನಾಕ್‌ನ ಬೇರೆ ಅಪಾಯಗಳು. ಪೃಷ್ಠದ ಮೇಲ್ಹೊರ ಕಾಲು ಭಾಗ ಬಿಟ್ಟು ಬೇರೆ ಕಡೆ ಬಿದ್ದ ಸೂಜಿ ಕಾಲಿಗೆ ಹೋಗುವ ದೊಡ್ಡ ನರಕ್ಕೆ ತಾಗಿ ಪಾದ ಎತ್ತಲಾಗದಂತೆ ಆಗುವುದೂ ಇದೆ. ಏನು ಚುಚ್ಚುತ್ತಿದ್ದಾರೆ ಎಂದು ಕೇಳಿ, ಪ್ರತಿ ಸಲವೂ ಚೀಟಿಯಲ್ಲಿ ಬರೆಸಿಕೊಳ್ಳಿ. ಸ್ಟಿರಾಯ್ಡ್ ಅಥವಾ ಟ್ರಮಡಾಲ್ ಸೇರಿರಬಹುದು.

ನರರೋಗ ತಜ್ಞರ ಬಳಿ ಅಮ್ಮನನ್ನು ಕರೆದುಕೊಂಡು ಹೋಗಿ ಮೂತ್ರಪಿಂಡ ಪರೀಕ್ಷೆ, ರಕ್ತದೊತ್ತಡ ನೋಡಿಸಿ, ತಡೆಯುವ ಔಷಧ ಶುರು ಮಾಡಿಸಿ. ನೋವಿನ ಔಷಧ ವಾರಕ್ಕೆ ಎರಡು ದಿನ ಮೀರಬಾರದು. ಡೈಕ್ಲೋಫೆನಾಕ್, ಪ್ಯಾರಾಸಿಟಮಾಲ್ ಒಮ್ಮೆಲೇ ನಿಲ್ಲಿಸಬಹುದು. ಟ್ರಮಡಾಲ್ ಅಥವಾ ನಿದ್ರೆ ಮಾತ್ರೆ ಇದ್ದರೆ ವೈದ್ಯರು ಹೇಳಿದಂತೆ ಹಂತಹಂತವಾಗಿ ಇಳಿಸಬೇಕು. ನಿಲ್ಲಿಸಿದ ಮೊದಲ 2ರಿಂದ 10 ದಿನ ನೋವು ಇನ್ನೂ ಹೆಚ್ಚಾಗುತ್ತದೆ. ಈ ದಿನಗಳಲ್ಲೇ ಎಲ್ಲರೂ ಸೋತು ಮತ್ತೆ ಸೂಜಿಗೆ ಹೋಗುವುದು, ಆದ್ದರಿಂದ ಮನೆಯಲ್ಲಿ ಅಡುಗೆ–ಕೆಲಸ ಬೇರೆಯವರು ವಹಿಸಿಕೊಂಡು ಅಮ್ಮನಿಗೆ ಬಿಡುವು ಕೊಡಿ. ಆ ದಿನಗಳನ್ನು ದಾಟಿಸಲು ಮುಂದಿನ ಉತ್ತರದಲ್ಲಿರುವ ನರದ ಸೂಜಿ ಸಹಾಯಕ್ಕೆ ಬರುತ್ತದೆ.

50 ದಾಟಿದ ಮೇಲೆ ಹೊಸದಾಗಿ ಶುರುವಾದ ತಲೆನೋವು, ಕ್ಷಣಾರ್ಧದಲ್ಲಿ ಸಿಡಿಲಿನಂತೆ ಎರಗಿದ್ದು, ಜ್ವರ, ಕೈಕಾಲು ಬಲಹೀನತೆ, ಅಗಿಯುವಾಗ ದವಡೆ ನೋವು ಇದ್ದರೆ ಅದು ಮೈಗ್ರೇನ್ ಎಂದು ಕೂರದೆ ತಕ್ಷಣ ಪರೀಕ್ಷೆ ಮಾಡಿಸಿ.

ಪ್ರಶ್ನೆ: ಹಿಂದಲೆಗೆ “ನರದ ಬ್ಲಾಕ್” ಮಾಡೋಣ ಎಂದಿದ್ದಾರೆ. ನನಗೆ ಸಕ್ಕರೆ ಕಾಯಿಲೆ ಇದೆ. — ಮೈಸೂರು

ಉತ್ತರ: ಹಿಂದಲೆಯ ನಡುಗಂಟಿನಿಂದ ಕಿವಿಯ ಹಿಂದಿನ ಮೂಳೆಗೆ ಗೆರೆ ಎಳೆದರೆ, ಗಂಟಿನ ಕಡೆಯಿಂದ ಮೂರನೇ ಒಂದು ಭಾಗದಲ್ಲಿ ಬ್ಲಾಕ್ ಮಾಡುವ ಹಿಂದಲೆಯ ನರ ಸಿಗುತ್ತದೆ. ಒತ್ತಿದರೆ ಅಲ್ಲೇ ನೋಯುತ್ತದೆ. ಪಕ್ಕದಲ್ಲೇ ರಕ್ತನಾಳ ಇರುವುದರಿಂದ ಮಿಡಿತ ನೋಡಿ, ಸಿರಿಂಜ್ ಹಿಂದಕ್ಕೆಳೆದು ರಕ್ತ ಬರಲಿಲ್ಲ ಎಂದು ಖಚಿತಪಡಿಸಿಕೊಂಡು ಜೋಮು ಹಿಡಿಸುವ ಮದ್ದಾದ ಲಿಡೊಕೇನ್ ಅಥವಾ ಬುಪಿವಕೇನ್ ಕೆಲವು ಮಿಲಿ ಕೊಡುತ್ತಾರೆ. ಹಿಂದಲೆ ಕೆಲವು ಗಂಟೆ ಜೋಮು ಹಿಡಿಯುತ್ತದೆ. ಜೋಮು ಹಿಡಿದರೆ ಸೂಜಿ ಸರಿಯಾದ ಕಡೆ ಬಿದ್ದಿದೆ ಎಂದರ್ಥ. ಉಪಶಮನ ಕೆಲವು ದಿನದಿಂದ ಕೆಲವು ವಾರ.

ಕೆಲವರು ಇದಕ್ಕೆ ಸ್ಟಿರಾಯ್ಡ್ ಬೆರೆಸುತ್ತಾರೆ. ನೀವು ಸಕ್ಕರೆ ಕಾಯಿಲೆ ಇರುವುದನ್ನು ಹೇಳಿ ಸ್ಟಿರಾಯ್ಡ್ ಇಲ್ಲದೆ ಮಾಡಲು ಕೇಳಿ. ಮೈಗ್ರೇನ್‌ನಲ್ಲಿ ಅದನ್ನು ಸೇರಿಸಿದ್ದರಿಂದ ಹೆಚ್ಚಿನ ಲಾಭ ಗಟ್ಟಿಯಾಗಿ ಸಾಬೀತಾಗಿಲ್ಲ. ಸೇರಿಸಲೇಬೇಕಾದರೆ ಒಂದು ವಾರ ದಿನಕ್ಕೆರಡು ಸಲ ಸಕ್ಕರೆ ನೋಡಿಕೊಳ್ಳಿ. ಸ್ಟಿರಾಯ್ಡ್ ಮತ್ತೆ ಮತ್ತೆ ಬಿದ್ದರೆ ಆ ಜಾಗದ ಕೂದಲು ಉದುರಿ ಚರ್ಮ ಕುಳಿಬೀಳುವುದೂ ಉಂಟು. ಚುಚ್ಚಿದ ಮೇಲೆ ತಲೆಸುತ್ತು ಬರಬಹುದು. ಸ್ವಲ್ಪ ಹೊತ್ತು ಅಲ್ಲೇ ಕೂತು, ಗಾಡಿ ಓಡಿಸದೆ ಮನೆಗೆ ಹೋಗಿ. ತಲೆಬುರುಡೆಗೆ ಶಸ್ತ್ರಚಿಕಿತ್ಸೆ ಆಗಿದ್ದರೆ ತಪ್ಪದೆ ಹೇಳಿ.

ಪ್ರಶ್ನೆ: ಮುಂದಿನ ವರ್ಷ ಮಗು ಬೇಕೆಂದಿದ್ದೇವೆ. ಈಗ ಇಂಜೆಕ್ಷನ್ ಶುರು ಮಾಡಬಹುದೇ? — ಉಡುಪಿ

ಉತ್ತರ: ಪ್ರತಿಕಾಯಗಳ ಅರ್ಧಾಯುಷ್ಯ, ಅಂದರೆ ಮೈಯಲ್ಲಿ ಮದ್ದು ಅರ್ಧಕ್ಕಿಳಿಯುವ ಕಾಲ, ಸುಮಾರು ಒಂದು ತಿಂಗಳು. ಮೈಯಿಂದ ಪೂರ್ತಿ ಹೋಗಲು ಐದು ತಿಂಗಳು ಹಿಡಿಯುತ್ತದೆ, ಆದ್ದರಿಂದ ಗರ್ಭಕ್ಕೆ ಪ್ರಯತ್ನಿಸುವ ಕನಿಷ್ಠ ಐದು ತಿಂಗಳು ಮೊದಲು ನಿಲ್ಲಿಸಿರಬೇಕು. ಅಷ್ಟು ಕಾಲಾವಕಾಶ ಇಲ್ಲದಿದ್ದರೆ ಶುರು ಮಾಡದಿರುವುದೇ ಸರಿ. ಬೊಟಾಕ್ಸ್ ಅನ್ನೂ ಗರ್ಭಿಣಿಯರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಮಾತ್ರೆಗಳಲ್ಲಿ ವ್ಯಾಲ್‌ಪ್ರೊಯೇಟ್ ಮತ್ತು ಟೋಪಿರಾಮೇಟ್ ಮಗುವಿನ ಬೆಳವಣಿಗೆಗೆ ಹಾನಿ ಮಾಡುತ್ತವೆ. ಅವು ನಡೆಯುತ್ತಿದ್ದರೆ ಇವತ್ತೇ ವೈದ್ಯರೊಡನೆ ಮಾತಾಡಿ. ಗರ್ಭಿಣಿಯಾದ ಮೇಲೆ ಪ್ಯಾರಾಸಿಟಮಾಲ್, ಮತ್ತು ಬೇಕೆನಿಸಿದರೆ ಸ್ಟಿರಾಯ್ಡ್ ಇಲ್ಲದ ಲಿಡೊಕೇನ್ ನರದ ಬ್ಲಾಕ್ ಉಳಿಯುವ ದಾರಿಗಳು. ನಾಲ್ಕನೇ ತಿಂಗಳಿನಿಂದ ಬಹಳ ಮಂದಿಗೆ ಮೈಗ್ರೇನ್ ತಾನಾಗಿ ಇಳಿಯುತ್ತದೆ. 20 ವಾರದ ನಂತರ ಹೊಸದಾಗಿ ಜೋರು ತಲೆನೋವು ಬಂದರೆ ಮೊದಲು ರಕ್ತದೊತ್ತಡ ನೋಡಿಸಿ.

ಪ್ರಶ್ನೆ: ಬೊಟಾಕ್ಸ್‌ನಿಂದ ನನ್ನ ತಲೆನೋವು ತಿಂಗಳಿಗೆ 6 ದಿನಕ್ಕೆ ಇಳಿದಿದೆ. ಇದನ್ನು ಜೀವನಪೂರ್ತಿ ಹಾಕಿಸಬೇಕೇ? — ದಾವಣಗೆರೆ

ಉತ್ತರ: ಬೇಕಿಲ್ಲ. ಸತತ ಮೂರು ತಿಂಗಳು 15 ದಿನಕ್ಕಿಂತ ಕೆಳಗಿದ್ದರೆ ನಿಲ್ಲಿಸಿ ನೋಡಬಹುದು ಎನ್ನುವುದು ನೈಸ್‌ನ ಮಾರ್ಗಸೂಚಿ. 14ಕ್ಕೆ ಇಳಿದವರಿಗೆ ಅಲ್ಲೇ ನಿಲ್ಲಿಸಿ ಎನ್ನುವುದು ಕಠಿಣವೆಂದು ನಮಗನಿಸುತ್ತದೆ, ನಿಮ್ಮ 6ಕ್ಕೆ ಆ ಅನುಮಾನವಿಲ್ಲ. ಮುಂದಿನ ಸುತ್ತನ್ನು 12ರ ಬದಲು 16 ವಾರಕ್ಕೆ ಮುಂದೂಡಿ ಡೈರಿ ನೋಡಿ. ದಿನಗಳು ಏರದಿದ್ದರೆ ನಿಲ್ಲಿಸಿ, ಬರೆಯುವುದನ್ನು ಮಾತ್ರ ಇನ್ನಾರು ತಿಂಗಳು ಮುಂದುವರಿಸಿ. ಎರಡು ತಿಂಗಳು ಒಂದೇ ಸಮ ಏರುತ್ತಾ ಹೋದರೆ 15 ಮುಟ್ಟುವವರೆಗೆ ಕಾಯದೆ ವೈದ್ಯರನ್ನು ಕಾಣಿ. ಮತ್ತೆ ಶುರು ಮಾಡಲು ಅಡ್ಡಿಯಿಲ್ಲ.